ಗಣಕಯಂತ್ರಕ್ಕೆ ಮುನ್ನ ಕುರ್ಚಿ: ಕುಬ್ರಾ ಬೇಗಂ ಅವರ ಪೂರ್ವಸಿದ್ಧತೆ

ವ್ಯಾಪಾರ ವಹಿವಾಟಿನ ತಂತ್ರಾಂಶಗಳನ್ನು ಕಟ್ಟಿಕೊಡುವವರು ಇಂದು ರಾಯಚೂರಿನಲ್ಲಿಯೂ ಕಡಿಮೆಯಿಲ್ಲ. ಆದರೆ ಕಟ್ಟುವುದಕ್ಕೆ ಮೊದಲು ಏನು ಮಾಡಬೇಕೆಂಬುದನ್ನೇ ಒಂದು ವಿದ್ಯೆಯಾಗಿ ಬೆಳೆಸಿ, ವೃತ್ತಿಜೀವನದುದ್ದಕ್ಕೂ ಅದನ್ನು ನಿಷ್ಠೆಯಿಂದ ಪಾಲಿಸಿ, ಕಿರಿಯರ ಕೈಗೆ ಜತನದಿಂದ ದಾಟಿಸಿದವರು ಯಾರೆಂದು ಕೇಳಿದರೆ ಈ ಭಾಗದಲ್ಲಿ ಮೊದಲು ನೆನಪಾಗುವ ಹೆಸರು ಶ್ರೀಮತಿ ಕುಬ್ರಾ ಬೇಗಂ ಅವರದು. ಅವರ ಕೈಕೆಳಗೆ ಪಳಗಿ, ಇಂದು ಅವರ ಸ್ಥಾನಕ್ಕೆ ಬರುತ್ತಿರುವ ದೇವದುರ್ಗದ ಬೀರೇಶ ಅವರಿಗೆ ಆ ಹೆಸರು ಕಿವಿಗೆ ಬಿದ್ದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

ಕುಬ್ರಾ ಬೇಗಂ ಅವರು ಬೆರಳಚ್ಚು ಕಲಿಸುವ ಶಾಲೆಯಲ್ಲಿ ಕೆಲಸ ಆರಂಭಿಸಿ, ಕಂಪ್ಯೂಟರ್ ಬಂದಾಗ ಅಂಜದೆ ಅದರ ಕೈಹಿಡಿದು, ಮುಂದೆ ರಾಯಚೂರಿನ ಒಂದು ಸಣ್ಣ ಸಂಸ್ಥೆಗೆ ಸೇರಿ ಅದನ್ನು ಬೆಳೆಸಿದವರು. ಸಿರವಾರದ ಅಕ್ಕಿ ಗಿರಣಿಯೊಂದರ ಕೆಲಸ ಬಂದಾಗ ಅವರು ಗಿರಣಿಯ ಬಾಗಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕುಳಿತರಂತೆ. ಯಾವುದೋ ತೆರಿಗೆ ಕಚೇರಿಯ ಅಧಿಕಾರಿಯೇ ಇರಬೇಕೆಂದು ಹೆದರಿದ ಮಾಲೀಕರು ಚಹಾದ ಮೇಲೆ ಚಹಾ ಕಳಿಸಿದರಂತೆ. "ಕೇಳಿದ್ರ ನಮಗ ಬೇಕಾದ್ದು ಹೇಳ್ತಾರ, ನೋಡಿದ್ರ ಅವರು ಮಾಡೋದು ಕಾಣತದ" ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು. ಬೀರೇಶ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಡಿಗೆ ಕೋಣೆ ಸಿಗದೆ ಅಲೆಯುತ್ತಿದ್ದಾಗ ತಮ್ಮ ಮನೆಯ ಮೇಲಿನ ಕೋಣೆಯ ಬೀಗದ ಕೈ ಕೊಟ್ಟು, ಆ ವರ್ಷದ ರಂಜಾನಿನ ಪ್ರತಿ ಸಂಜೆಯೂ ಆತನನ್ನು ಪಂಕ್ತಿಯಲ್ಲಿ ಕೂರಿಸಿಕೊಂಡವರೂ ಇವರೇ.

ಅವರ ವಿದ್ಯೆಯ ಹೃದಯವೆಂದರೆ ಕುರ್ಚಿ ದಿನ. ಒಂದು ಸಾಲು ಪ್ರೋಗ್ರಾಂ ಬರೆಯುವ ಮೊದಲು ಕಚೇರಿಯ ಹಾಲಿನಲ್ಲಿ ಮೇಜುಗಳನ್ನು ಸರಿಸಿ, ಊರೂರಿಗೆ ಒಂದರಂತೆ ಕುರ್ಚಿ ಹಾಕುತ್ತಿದ್ದರು: ಬಾಗಿಲ ಬಳಿ ದೇವದುರ್ಗ, ನಡುವೆ ಸಿರವಾರ, ಕಿಟಕಿಯ ಬಳಿ ಮಾನ್ವಿ. ಕೆಲಸ ಮಾಡಿಸಿಕೊಳ್ಳುವವರನ್ನೇ ಕರೆಸಿ ಅವರವರ ಕೆಲಸವನ್ನು ಅವರಿಂದಲೇ ಮಾಡಿಸಿ, ತಾವು ಕಂಪ್ಯೂಟರಿನ ಪಾತ್ರ ವಹಿಸುತ್ತಿದ್ದರು. ದೊಡ್ಡ ದೊಡ್ಡ ಪದವಿಯವರು ಇದನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದುಂಟು. ಬೀರೇಶ ಕೂಡ ನಕ್ಕವರೇ, ದೇವದುರ್ಗದ ಕುರಿಗಾರರ ಸಂಘದ ಕೆಲಸ ಬರುವವರೆಗೆ.

ಮಳೆ ಬಿದ್ದು ಹೊಸ ಹುಲ್ಲು ಚಿಗುರಿದೊಡನೆ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಅದು ಮೊದಲು ಹೊತ್ತೊಯ್ಯುವುದು ದಷ್ಟಪುಷ್ಟ ಮರಿಗಳನ್ನು. ಮಳೆಗೆ ಮೊದಲೇ ಲಸಿಕೆ ಬೀಳಬೇಕು, ಲಸಿಕೆ ತಂಪಾಗಿಯೇ ಇರಬೇಕು. ಕುರಿಗಾರರು ತಾವೇ ಅದನ್ನು ಒಯ್ಯುತ್ತಿದ್ದ ಕಾಲದಲ್ಲಿ ದಾರಿಯ ಬಿಸಿಲಿಗೇ ಕೆಡುತ್ತಿತ್ತು. ಹಾಗೆ ಕೆಟ್ಟ ಲಸಿಕೆ ನಂಬಿ ಮರಿಗಳನ್ನು ಕಳೆದುಕೊಂಡವರಲ್ಲಿ ಬೀರೇಶನ ತಾಯಿ ಬಂಡೆಮ್ಮನೂ ಒಬ್ಬರು. ಈಗ ಸಂಘ ತಂಪು ಪೆಟ್ಟಿಗೆಯ ಗಾಡಿಯೊಂದನ್ನು ಗೊತ್ತುಮಾಡಿತ್ತು. ಆ ಗಾಡಿ ಯಾವ ದಿನ ಯಾರ ಬಳಿ ಹೋಗಬೇಕೆಂದು ಹೇಳುವ ತಂತ್ರಾಂಶ ಮಳೆಗಾಲಕ್ಕೆ ಮೊದಲೇ ಬೇಕಿತ್ತು.

ಕುರಿಗಾರರ ಮನೆಯ ಹುಡುಗನೇ ನಮ್ಮಲ್ಲಿರುವಾಗ ಬೇರೆಯವರನ್ನು ಕೇಳುವುದೇನು ಎಂದು ಎಲ್ಲರೂ ಬೀರೇಶನನ್ನೇ ನಂಬಿದರು. ಹಿಂಡಿನ ಹಿಂದೆ ಹೋಗದೆ ಹಾಸ್ಟೆಲಿನಲ್ಲಿ ಬೆಳೆದ ಬೀರೇಶ ಕೂಡ ತಮ್ಮನ್ನು ತಾವು ನಂಬಿದರು. ಪರದೆಯ ವಿನ್ಯಾಸವೆಲ್ಲ ಅವರ ತಲೆಯಲ್ಲಿ ಸಿದ್ಧವಿತ್ತು: ಕುರಿಗಾರನ ಹೆಸರು, ಊರು, ಹಿಂಡು, ಗಾಡಿ ಬರುವ ದಿನ. ಕುಬ್ರಾ ಬೇಗಂ ಮಾತ್ರ ಕುರ್ಚಿ ದಿನ ಬಿಡಲೊಲ್ಲರು. ಸಂಘದ ಅಧ್ಯಕ್ಷ ಮುದುಕಪ್ಪ ಬಂದರು, ಬಂಡೆಮ್ಮನೂ ಬಂದರು.

"ಬೀರೇಶ, ನೀ ಇವತ್ತು ಲಸಿಕಿ ಗಾಡಿ ಡ್ರೈವರ್. ಹೊರಗ ನಿಂದ್ರು, ನಾ ಕರೆದಾಗ ಬಾ" ಎಂದು ಆತನನ್ನು ಕಳಿಸಿ, ಬಂಡೆಮ್ಮನ ಕಡೆ ತಿರುಗಿ, "ಅಕ್ಕಾ, ಮಳಿ ಇನ್ನೂ ಬಂದಿಲ್ಲಂತ ತಿಳೀರಿ. ನೀವು ಕುರಿ ತಗೊಂಡು ಎಲ್ಲಿರ್ತೀರಿ, ಅಲ್ಲಿ ಹೋಗಿ ಕುಂದರ್ರಿ" ಎಂದರು. ಉತ್ತರ ಕುಬ್ರಾ ಬೇಗಂ ಅವರಿಗೂ ಗೊತ್ತಿರಲಿಲ್ಲ.

ಬೀರೇಶ ಒಳಬಂದರು. ಕಂಪ್ಯೂಟರ್ ಆಗಿದ್ದ ಮೇಡಂ ಅವರು, ಬೀರೇಶನೇ ಹೇಳಿಕೊಟ್ಟಿದ್ದಂತೆ, "ಬಂಡೆಮ್ಮ, ದೇವದುರ್ಗ" ಎಂದು ಕೂಗಿದರು. ಗಾಡಿ ಗತ್ತಿನಿಂದ ದೇವದುರ್ಗದ ಕುರ್ಚಿಯ ಮುಂದೆ ಹೋಗಿ ನಿಂತಿತು. ಕುರ್ಚಿ ಖಾಲಿಯಿತ್ತು.

ಕಿಟಕಿಯ ಬಳಿಯ ಮಾನ್ವಿಯ ಕುರ್ಚಿಯಿಂದ ಬಂಡೆಮ್ಮನ ದನಿ ಬಂತು. "ಯಪ್ಪಾ, ಖಾಲಿ ಮನಿ ಮುಂದ ಯಾಕ ನಿಂತಿ? ನಾ ಇಲ್ಲಿ ಅದೀನಿ."

ಕಾಲುವೆ ನೀರಿನ ಎರಡನೆಯ ಬೆಳೆ ಕೊಯ್ಲಾದ ಮೇಲೆ ದೇವದುರ್ಗದ ಹಿಂಡುಗಳು ಮಾನ್ವಿಯ ಗದ್ದೆಗಳಿಗೆ ಹೋಗುತ್ತವೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ಇಂದು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರದು. ಬೀರೇಶನ ಮುಖ ಸಣ್ಣದಾಯಿತು. "ನಾ ಕೇಳಿದಾಗ ಹೇಳಬೇಕಿಲ್ಲೇನು ಯವ್ವಾ?" ಎಂದರು.

"ನೀ ಊರು ಯಾವುದಂತ ಕೇಳಿದಿ, ಹೇಳೀನಿ. ಕುರಿ ಎಲ್ಲಿ ಅದಾವಂತ ಎಲ್ಲಿ ಕೇಳಿದಿ?"

ಯಾರೂ ನಗಲಿಲ್ಲ. ತಮ್ಮ ಕೈಯಿಂದಲೇ ಗಾಡಿ ಖಾಲಿ ಮನೆಗಳ ಮುಂದೆ ಸುತ್ತಿ, ಆಕಡೆ ಮಾನ್ವಿಯಲ್ಲಿ ತಾಯಿಯ ಮರಿಗಳು ಮತ್ತೆ ಸಾಯುತ್ತಿದ್ದವೆಂಬುದು ಬೀರೇಶನಿಗೆ ಆ ಹಾಲಿನಲ್ಲಿ ನಿಂತಲ್ಲೇ ಕಂಡಿತು. ಮೂರು ಕುರ್ಚಿಗಳಿಂದ ಇಷ್ಟನ್ನು ಕಾಣಿಸಬಲ್ಲ ಈ ಹೆಂಗಸು ಎಂಥವರೆಂದು ಅವರಿಗೆ ಅಂದು ಹುಟ್ಟಿದ ಬೆರಗು ಇಂದಿಗೂ ಇಳಿದಿಲ್ಲ.

"ಮಳಿ ಹತ್ರ ಬಂತ್ರಿ ಮೇಡಂ, ಇನ್ನೂ ಶುರುನ ಆಗಿಲ್ಲಲ್ರಿ" ಎಂದು ಮುದುಕಪ್ಪ ಚಡಪಡಿಸಿದರು. "ತಡ ಆದ್ರ ನನ್ನ ಹೆಸರು ಹೇಳ್ರಿ. ಗಾಡಿ ಮಾತ್ರ ಕುರಿ ಮುಂದ ನಿಂದ್ರತದ" ಎಂದ ಕುಬ್ರಾ ಬೇಗಂ ಮರುದಿನವೇ ಬೀರೇಶನನ್ನು ಕರೆದುಕೊಂಡು ಮಾನ್ವಿಯ ಬಿಸಿಲಿಗೆ ಇಳಿದರು. ಹಿಂಡುಗಳ ಜೊತೆ ನಡೆದರು, ಕುರಿ ಕರೆಸಿಕೊಳ್ಳುವ ಗದ್ದೆಯ ಒಡೆಯರ ಕಟ್ಟೆಗಳ ಮೇಲೆ ಕುಳಿತರು. ಕೊನೆಗೆ ಕಟ್ಟಿದ ತಂತ್ರಾಂಶದಲ್ಲಿ ಊರಿನ ಹೆಸರು ಹಿಂದೆ ಸರಿಯಿತು. ಸಂಘದಿಂದ ಹೋಗುವ ಫೋನಿನ ಮೊದಲ ಪ್ರಶ್ನೆಯೇ ಬೇರೆಯಾಯಿತು: "ಇವತ್ತು ಯಾರ ಗದ್ದ್ಯಾಗ ಅದೀರಿ?" ಆ ವರ್ಷ ಮಳೆಗೆ ಮೊದಲೇ ಗಾಡಿ ಹಿಂಡುಗಳನ್ನು ಮುಟ್ಟಿತು. ಕರುಳುಬೇನೆ ಬಂತು, ಹೋಯಿತು. ಬಂಡೆಮ್ಮನ ಮರಿಗಳು ಉಳಿದವು. ಆಕೆ ಥ್ಯಾಂಕ್ಸ್ ಹೇಳುವವರಲ್ಲ. ತಮ್ಮ ಕುರಿಯ ಉಣ್ಣೆಯ ಕಂಬಳಿಯೊಂದನ್ನು ತಂದು ಕಿಟಕಿಯ ಬಳಿಯ ಕುರ್ಚಿಯ ಮೇಲೆ ಹಾಸಿ ಹೋದರು. ಅದು ಇಂದಿಗೂ ಅಲ್ಲೇ ಇದೆ.

ನಿವೃತ್ತಿಗೂ ಕುಬ್ರಾ ಬೇಗಂ ಪೂರ್ವಸಿದ್ಧತೆ ಮಾಡಿಕೊಂಡರೆಂದರೆ ಓದುಗರು ಆಶ್ಚರ್ಯಪಡಬಾರದು. ಕಳೆದ ತಿಂಗಳ ಕುರ್ಚಿ ದಿನ ಅವರು ಆ ಕಂಬಳಿಯ ಮೇಲೆ ಹೋಗಿ ಕುಳಿತು, ಯಾರು ಏನು ಕೇಳಿದರೂ "ನಾ ಇವತ್ತು ಇಲ್ಲ" ಎಂದಷ್ಟೇ ಹೇಳಿದರು. ಬೀರೇಶ ಕಂಪ್ಯೂಟರಿನ ಪಾತ್ರ ವಹಿಸಿದರು. ಎರಡು ಕಡೆ ಎಡವಿದರು. ಮೇಡಂ ಅವರ ಮೇಲಿಂದ ಕಣ್ಣು ಕೀಳಲಿಲ್ಲ.

ಭಗವಂತನು ಕುಬ್ರಾ ಬೇಗಂ ಅವರಿಗೆ ನೂರು ವರ್ಷದ ಆಯುಸ್ಸನ್ನೂ ಅದನ್ನು ಅನುಭವಿಸುವ ಆರೋಗ್ಯವನ್ನೂ ಕೊಡಲಿ, ಅವರ ಕಣ್ಣಿಗೆ ಇನ್ನೂ ಬಹುಕಾಲ ಕೆಲಸ ಸಿಗುತ್ತಿರಲಿ ಎಂಬುದು ಬೀರೇಶ ಮತ್ತು ಅವರ ಬಳಗದ ಹಾರೈಕೆ. ಇನ್ನು ಮುಂದೆಯೂ ಈ ಬಳಗದ ಗಾಡಿಗಳು ಎಷ್ಟೋ ಸಲ ಖಾಲಿ ಮನೆಗಳ ಮುಂದೆ ಹೋಗಿ ನಿಲ್ಲುತ್ತವೆ. ಆಗೆಲ್ಲ ಕಿಟಕಿಯ ಬಳಿಯ ಆ ಕಂಬಳಿಯ ಮೇಲಿಂದ, ತುಸು ಗದರಿಸಿದಂತೆಯೇ ಆಗಲಿ, ಒಂದು ದನಿ ಕೇಳುತ್ತಿರಲಿ: "ನಾ ಇಲ್ಲಿ ಅದೀನಿ."