ಮುಖಕ್ಕೆ ಬಾರದ ನಗು

“ಇದು ಪಾರ್ಕಿನ್ಸನ್ ಕಾಯಿಲೆ ಅಮ್ಮ. ಮೆದುಳಿನ ತೊಂದರೆಯಿಂದ ಮುಖ ಬಿಗಿದುಕೊಂಡಿದೆ. ಒಳಗೆ ನಗು ಬಂದರೂ ಮುಖದಲ್ಲಿ ಕಾಣಲ್ಲ,” ಎಂದರು ತುಮಕೂರಿನ ನರರೋಗ ವೈದ್ಯರು.

ನಾನು ಜೊತೆಗೆ ಹೋಗಿದ್ದ ಪಕ್ಕದ ಮನೆಯ ಜಯಮ್ಮ ತಮ್ಮ ಗಂಡನ ಮುಖವನ್ನೇ ನೋಡುತ್ತಾ ಕೂತರು. ಕಳೆದ ವರ್ಷ ಬಾಣಂತನಕ್ಕೆ ಬಂದಿದ್ದ ಮಗಳು ಕೂಸನ್ನು ಅಪ್ಪನ ಮಡಿಲಿಗಿಟ್ಟಾಗ ಅವರು ನಗಲೇ ಇಲ್ಲ. ಹೆಣ್ಣು ಹುಟ್ಟಿತೆಂದು ಅಪ್ಪನಿಗೆ ಬೇಸರವೆಂದುಕೊಂಡ ಮಗಳು, ಬಾಣಂತನ ಅರ್ಧಕ್ಕೇ ಬಿಟ್ಟು ಕುಣಿಗಲ್ಲಿಗೆ ಹೋದವಳು ತಿರುಗಿ ಬಂದಿಲ್ಲ.

“ಅವತ್ತು ಮಗೀನ ಮಡ್ಲಿಗಿಟ್ಟಾಗ ನಿಮ್ಗೆ ಖುಸಿ ಆಗಿತ್ತೇನ್ರೀ?” ಎಂದರು ಜಯಮ್ಮ.

ಗಂಡನ ತುಟಿ ಮಾತ್ರ ಮೆಲ್ಲಗೆ ಅಲುಗಿತು. “ಬೋ ಖುಸಿ ಆಗಿತ್ತು ಕಣೇ,” ಎಂದರು ಸಣ್ಣ ದನಿಯಲ್ಲಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಜಯಮ್ಮ ಮಗಳಿಗೆ ಫೋನ್ ಮಾಡುತ್ತಲೇ ಇದ್ದರು, ಅವಳು ಎತ್ತಲಿಲ್ಲ. ಈಗ ಯಾರದಾದರೂ ಬಿಗಿದ ಮುಖ ಕಂಡರೆ ನನಗೆ ಆ ಸಣ್ಣ ದನಿಯೇ ಕೇಳಿಸುತ್ತದೆ.