ಅರಸಿನ ತಾಳುವ ಕಾಗದ

ಉಡುಪಿಯಲ್ಲಿ ಮದುವೆ ಕಾಗದ, ಎಂದರೆ ಕರೆಯೋಲೆ, ಮಾಡಿಕೊಡುವ ಅಂಗಡಿ ನನ್ನದು. ಕಾಗದದ ವಿಷಯದಲ್ಲಿ ನನಗೆ ಜಂಬ ಸ್ವಲ್ಪ ಜಾಸ್ತಿ. ಗಿರಾಕಿ ಬಾಯಿ ತೆರೆಯುವ ಮೊದಲೇ ಹಾಳೆ ಆರಿಸಿಟ್ಟಿರುತ್ತೇನೆ. ಆ ಜಂಬ ಇಳಿದದ್ದು ಕಾಪುವಿನ ಒಬ್ಬ ಅಜ್ಜಿಯಿಂದ.

ಅವರ ಮೊಮ್ಮಗಳ ಮದುವೆ. ಮನೆಯಲ್ಲಿ ಅದುವರೆಗೆ ನಡೆದ ಎಲ್ಲ ಮದುವೆಗಳ ಕಾಗದಕ್ಕೂ ನಾಲ್ಕು ಮೂಲೆಗೆ ಅರಸಿನ ಹಚ್ಚಿದ್ದು ಅಜ್ಜಿಯೇ. ಈಗ ಕಣ್ಣು ಪೂರ್ತಿ ಹೋಗಿತ್ತು. ಹಿಂದುಮುಂದು ತಿಳಿಯದೆ ಎಲ್ಲೆಲ್ಲೋ ಬಳಿದಾರು ಎಂದು ಮನೆಯವರು ಈ ಸಲ ಬೇಡವೆಂದಿದ್ದರು. ಅಜ್ಜಿ ಬಿಡಲಿಲ್ಲ, ಮೊಮ್ಮಗಳ ಕೈಹಿಡಿದು ನೇರ ನನ್ನ ಅಂಗಡಿಗೆ ಬಂದರು.

“ಕಾಗದದ ತಲೆ ಯಾವುದು, ಕಾಲು ಯಾವುದು ಅಂತ ಕೈಗೆ ಗೊತ್ತಾದ್ರೆ ಸಾಕು. ಮತ್ತೆ ನಾನು ನೋಡಿಕೊಳ್ತೇನೆ.”

ತಲೆಯ ಭಾಗದಲ್ಲಿ ಬೆರಳಿಗೆ ಸಿಗುವಂತೆ ಒಂದು ಉಬ್ಬಚ್ಚಿನ ದೀಪ ಇಡೋಣ ಎಂದೆ. ಮೊಮ್ಮಗಳಿಗೆ ಮಲ್ಲಿಗೆಯ ಬಣ್ಣದ ಚಿತ್ರವೂ ಬೇಕು, ಹಳೆಯ ಅಚ್ಚುಮೊಳೆಯ ಅಕ್ಷರವೂ ಬೇಕು. ಬಣ್ಣ ಮಣಿಪಾಲದ ಡಿಜಿಟಲ್ ಯಂತ್ರದಲ್ಲಿ, ಅಕ್ಷರ ಮತ್ತು ಉಬ್ಬು ಕಾರ್ಕಳದ ಹಳೆಯ ಪ್ರೆಸ್ಸಿನಲ್ಲಿ. ಮೂರಕ್ಕೂ ಒಂದೇ ಕಾಗದ ಒಗ್ಗಬೇಕು. ನಾನು ದಪ್ಪನೆಯ, ಮೆತ್ತನೆಯ ಹತ್ತಿಕಾಗದ ಆರಿಸಿದೆ. ಅಕ್ಷರ ಆಳಕ್ಕೆ ಇಳಿಯಿತು, ದೀಪ ಮುದ್ದಾಗಿ ಎದ್ದಿತು. ಬಣ್ಣ ಮಾತ್ರ ತುಸು ಮಂಕು. ಅಷ್ಟು ಯಾರು ನೋಡುತ್ತಾರೆ ಎಂದುಕೊಂಡೆ.

ಕಾರ್ಕಳದ ಮುದ್ರಕರು ಜೀವಮಾನವಿಡೀ ಮೊಳೆ ಜೋಡಿಸಿದವರು. ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಎಲ್ಲ ಸರಿ ಉಂಟು. ಅರಸಿನ ಹಚ್ಚಿ ನೋಡಿದ್ರಾ?” ಎಂದರು.

ನೋಡಿರಲಿಲ್ಲ. ಅವರೇ ಒಳಗಿನಿಂದ ಅರಸಿನ ಕಲಸಿ ತಂದರು. ಹಚ್ಚಿದ್ದೇ ತಡ, ಕಾಗದ ನೀರು ಕುಡಿದು ಹಳದಿ ಹರಡಿತು. ಒದ್ದೆ ಬೆರಳು ತಾಗಿದ ದೀಪ ಮೆತ್ತಗಾಗಿ ಕುಸಿಯಿತು. ಇಷ್ಟು ವರ್ಷ ಮದುವೆ ಕಾಗದ ಮಾಡಿ, ಮನೆಮನೆಯಲ್ಲಿ ಅದಕ್ಕೆ ಏನು ಹಚ್ಚುತ್ತಾರೆಂದು ಯೋಚಿಸಿರಲಿಲ್ಲ. ನನಗೆ ಸಿಟ್ಟು ಬಂತು, ಅದೂ ಆ ಮುದ್ರಕರ ಮೇಲೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುವಾರ ಹೊಳಪಿನ ಕಾಗದ ಒಯ್ದೆ. ಬಣ್ಣ ಮಿಂಚಿತು, ಆದರೆ ದೀಪದ ಅಂಚು ಬಿರಿಯಿತು, ಅರಸಿನ ಜಾರಿಹೋಯಿತು. ಕೊನೆಗೆ ಅವರೇ ಅಟ್ಟದಿಂದ ನುಣುಪೂ ಅಲ್ಲದ ಒರಟೂ ಅಲ್ಲದ, ನೀರು ಬೇಗ ಕುಡಿಯದ ಒಂದು ಗಟ್ಟಿ ಕಾಗದದ ಹಾಳೆ ಇಳಿಸಿ, ಇಂಥದ್ದನ್ನೇ ತರಿಸಲು ಹೇಳಿದರು. ಮೊದಲು ಬಣ್ಣ, ಆಮೇಲೆ ಅಕ್ಷರ, ಎಲ್ಲಕ್ಕಿಂತ ಕೊನೆಗೆ ಉಬ್ಬು. ಇಲ್ಲದಿದ್ದರೆ ಡಿಜಿಟಲ್ ಯಂತ್ರದ ಬಿಸಿ ಉರುಳೆ ದೀಪವನ್ನು ಚಪ್ಪಟೆ ಮಾಡುತ್ತದೆ ಎಂದರು. ಹಾಗೆಯೇ ಮಾಡಿದೆವು. ಅರಸಿನ ಹಚ್ಚಿದಲ್ಲೇ ನಿಂತಿತು. ಅವರ ಋಣ ನನ್ನ ಮೇಲಿದೆ.

ಕಾಗದದ ಕಟ್ಟನ್ನು ಕಾಪುವಿಗೆ ನಾನೇ ಒಯ್ದೆ. ಅಜ್ಜಿ ಚಾವಡಿಯಲ್ಲಿ ಚಾಪೆ ಹಾಸಿ ಕುಳಿತರು. ಎಡಗೈ ಹೆಬ್ಬೆರಳಿಗೆ ದೀಪ ಸಿಕ್ಕಿತು. ತಲೆ ಮೇಲೆ ಮಾಡಿ, ಅಂಚು ಹಿಡಿದು ಹೋಗಿ, ನಾಲ್ಕು ಮೂಲೆಗೂ ಅರಸಿನ ಹಚ್ಚಿದರು. ಒಂದೂ ತಪ್ಪಲಿಲ್ಲ. ಬೇಡವೆಂದವರೇ ಅರಸಿನದ ಬಟ್ಟಲನ್ನು ಅವರ ಹತ್ತಿರ ಸರಿಸಿದರು. ಮೊದಲನೆಯದು ದೇವರಿಗೆ. ಎರಡನೆಯದನ್ನು ನನ್ನತ್ತ ಚಾಚಿದರು.

“ಇದು ನಿಮಗೆ. ಹೆಸರು ಮಾತ್ರ ನೀವೇ ಬರೆದುಕೊಳ್ಳಿ, ಅದು ನನ್ನಿಂದ ಆಗುವುದಿಲ್ಲ.”

ನೂರಾರು ಮದುವೆಗಳ ಕಾಗದ ಮಾಡಿದ್ದೇನೆ. ಅದರಲ್ಲೊಂದರ ಮೇಲೆ ನನ್ನ ಹೆಸರು ಬರೆದದ್ದು ಅದೇ ಮೊದಲು.