ಕಿರ್ಗಿಸ್ತಾನದಲ್ಲಿ ಅತ್ತೆಯ ಮೊದಲ ತುತ್ತು

ಕಿರ್ಗಿಸ್ತಾನದ ಬೆಟ್ಟದ ದಾರಿಯಲ್ಲಿ ಇಂದು ಮೂರನೇ ದಿನ. ಧಾರವಾಡದ ನಮ್ಮತ್ತೆ ಅಮೆರಿಕದ ಮಿಲ್ಪಿಟಾಸಿನ ನಮ್ಮ ಮನೆಯಿಂದ ಕಟ್ಟಿಕೊಂಡು ಬಂದ ಅವಲಕ್ಕಿ ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. ಇಲ್ಲಿಯವರು ಯಾವ ಪಾತ್ರೆಯಲ್ಲಿ ಏನು ಬೇಯಿಸಿರುತ್ತಾರೋ ಎಂಬ ಅನುಮಾನ. ಆ ಅವಲಕ್ಕಿಯೂ ಬೆಳಿಗ್ಗೆ ಮುಗಿಯಿತು. ತನ್ನ ಡಾಟ್‌ಕಾಂ ಕಂಪನಿ ಬಾಗಿಲು ಹಾಕಿದ್ದರಿಂದ ಬೇಕಾದಷ್ಟು ಸಮಯವಿದೆಯೆಂದು ಈ ಪ್ರವಾಸ ಹೊರಡಿಸಿದ ನನ್ನ ಗಂಡ, ಅಮ್ಮನ ಮುಖ ನೋಡಲಾರದೆ ಕಾರಿನ ಕಿಟಕಿಯಿಂದ ಕುದುರೆಗಳನ್ನು ನೋಡುತ್ತಿದ್ದ.

ಮಧ್ಯಾಹ್ನ ನಮ್ಮ ಡ್ರೈವರು ತನ್ನ ಅಕ್ಕನ ಉಣ್ಣೆಯ ಗುಡಾರದ ಮುಂದೆ ನಿಲ್ಲಿಸಿದ. ಆಕೆ ನೆಲದ ಮೇಲೆ ಬಟ್ಟೆ ಹಾಸಿ ದಪ್ಪ ರೊಟ್ಟಿ, ಕೆನೆ, ಜಾಮು ಇಟ್ಟಳು.

“ನನಗ ಹಸಿವಿಲ್ಲ,” ಎಂದು ಅತ್ತೆ ಮೂಲೆ ಹಿಡಿದರು. ನಾವು ತಪ್ಪಿತಸ್ಥರಂತೆ ತಿಂದೆವು.

ಊಟ ಮುಗಿದ ಮೇಲೆ ಅಕ್ಕ, ತಮ್ಮ ಇಬ್ಬರೂ ಬೊಗಸೆ ಎತ್ತಿ, ಏನೋ ಹೇಳಿಕೊಂಡು, ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡರು. ನೋಡುತ್ತಿದ್ದ ಅತ್ತೆ ತಟ್ಟನೆ ತಾವೂ ಎರಡೂ ಕೈ ಕಣ್ಣಿಗೊತ್ತಿಕೊಂಡರು.

“ಅಜ್ಜಿ, ವಾಟ್ ಆರ್ ಯೂ ಡೂಯಿಂಗ್?” ಎಂದಳು ನನ್ನ ಮಗಳು.

“ಮಂಗಳಾರತಿ ಆತಲ್ಲವಾ ಪುಟ್ಟಿ,” ಎಂದ ಅತ್ತೆ, ಬಟ್ಟೆ ಮಡಿಸುತ್ತಿದ್ದ ಆ ಹೆಂಗಸಿನತ್ತ ಬಲಗೈ ಚಾಚಿದರು. “ಪ್ರಸಾದ ಕೊಡವಾ ತಂಗಿ.”

ಆಕೆ ಮಡಿಸಿದ ಬಟ್ಟೆಯನ್ನು ಮತ್ತೆ ಹಾಸಿದಳು.